ತುಮಕೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಕೊನೆಯ ವರ್ಷ. ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುವುದು ಹೇಗೆ?

ಫಲಿತಾಂಶಕ್ಕೆ ಕಾಯಬೇಡಿ, ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಖಗೋಳ ವಿಜ್ಞಾನದಲ್ಲೇ ಎಂ.ಎಸ್ಸಿ. ಆಗಿರಬೇಕೆಂದೂ ಇಲ್ಲ.

ಮೊದಲು ಜೆಸ್ಟ್ (ಭೌತಶಾಸ್ತ್ರದ ಪಿಎಚ್.ಡಿ.ಗೆ ಹಲವು ಸಂಸ್ಥೆಗಳು ಸೇರಿ ನಡೆಸುವ ಪ್ರವೇಶ ಪರೀಕ್ಷೆ) ಬರೆಯಿರಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ (ಐಐಎ), ರಾಮನ್ ಸಂಶೋಧನಾ ಸಂಸ್ಥೆ ಎರಡೂ ಆ ಅಂಕವನ್ನು ಪರಿಗಣಿಸುತ್ತವೆ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆಗಳಾದ ಐಯುಕಾ, ಎನ್‌ಸಿಆರ್‌ಎಗಳ ಪ್ರಕಟಣೆಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲಿ: ಜೆಸ್ಟ್ ರ‍್ಯಾಂಕ್ ಬಂದರೆ ಸಂಸ್ಥೆಯವರೇ ಕರೆಯುತ್ತಾರೆ ಎಂದು ಸುಮ್ಮನಿರುತ್ತಾರೆ. ಹಾಗಲ್ಲ, ಪ್ರತಿ ಸಂಸ್ಥೆಗೂ ಬೇರೆಯಾಗಿ ಅರ್ಜಿ ಹಾಕಬೇಕು, ಕೊನೆಯ ದಿನಾಂಕಗಳೂ ಬೇರೆ ಬೇರೆ. ಶಿಫಾರಸು ಪತ್ರ ಬೇಕಾದರೆ ಮೇಷ್ಟ್ರಿಗೆ ತಿಂಗಳ ಮುಂಚೆಯೇ ಹೇಳಿಡಿ.

ಓದಿಗೆ ಖಗೋಳದ ಪುಸ್ತಕಕ್ಕಿಂತ ಕ್ವಾಂಟಂ, ವಿದ್ಯುತ್ಕಾಂತೀಯತೆ, ಸಂಖ್ಯಾಕಲನೀಯ ಭೌತಶಾಸ್ತ್ರ ಮುಖ್ಯ. ಸಂದರ್ಶನದಲ್ಲೂ ಬೋರ್ಡಿನ ಮುಂದೆ ನಿಲ್ಲಿಸಿ ಕೇಳುವುದು ಬುಡದ ಪ್ರಶ್ನೆಗಳೇ: ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್ ಎಂದು ಹೇಗೆ ಗೊತ್ತು, ಲೆಕ್ಕ ಹಾಕಿ ತೋರಿಸಿ, ಎನ್ನಬಹುದು. ಎಂ.ಎಸ್ಸಿ. ಪ್ರಾಜೆಕ್ಟನ್ನಂತೂ ಕೆದಕಿಯೇ ಕೆದಕುತ್ತಾರೆ. ಬೇರೆಯವರ ಕೋಡ್ ಓಡಿಸಿದ್ದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಈಗಲೇ ಕಲಿಯಿರಿ.

ಪ್ರಾಜೆಕ್ಟ್ ಇನ್ನೂ ಆರಿಸಿಲ್ಲವೇ? ಪಕ್ಕದ ಗೌರಿಬಿದನೂರಿನಲ್ಲೇ ಐಐಎದ ರೇಡಿಯೊ ವೀಕ್ಷಣಾಲಯವಿದೆ, ಕಡಿಮೆ ಆವರ್ತನದಲ್ಲಿ ಸೂರ್ಯನನ್ನು ನೋಡುತ್ತದೆ. ಅಲ್ಲಿನ ದತ್ತಾಂಶದ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೆ ನಿಮ್ಮ ವಿಭಾಗದ ಮೂಲಕ ಪತ್ರ ಬರೆದು ನೋಡಿ.