ಪುಣೆಯಲ್ಲಿ ಅಮ್ಮನನ್ನು ವಾಕಿಂಗ್‌ಗೆ ಟೇಕಡಿಗೆ (ಗುಡ್ಡಕ್ಕೆ) ಕರೆದುಕೊಂಡು ಹೋಗಬಹುದಾ?

ಅಮ್ಮನಿಗೆ ಅರವತ್ತು ದಾಟಿದೆ, ಊರು ಹೊಸದು, ಸುಮ್ನೆ ಮನೆಯಲ್ಲೇ ಕೂತಿರುತ್ತಾರೆ ಅಂದಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ. ಆದರೆ ಮೊದಲ ದಿನವೇ ವೇತಾಳ ಟೇಕಡಿ ಬೇಡ. ಗರಸು ಮಣ್ಣು ಕಾಲಡಿ ಜಾರುತ್ತದೆ, ಇಳಿಯುವಾಗ ಮಂಡಿಗೆ ಭಾರ ಜಾಸ್ತಿ. ತಳಜಾಯಿ ಗುಡ್ಡದ ಅಗಲವಾದ ಮಣ್ಣಿನ ದಾರಿಯಿಂದ ಶುರು ಮಾಡಿ. ಪರ್ವತಿ ಗುಡ್ಡದ 103 ಮೆಟ್ಟಿಲು ಆಮೇಲೆ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಸಾಕು, ಅಲ್ವಾ? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಇರಲಿ.

ಜೊತೆ ಮಾತ್ರ ಹುಡುಕಿಕೊಡಿ. ನಮ್ಮತ್ತೆ ಮನೆಯಿಂದ ಹೊರಬಿದ್ದದ್ದೇ ಜೊತೆ ಸಿಕ್ಕ ಮೇಲೆ. ಬೆಳಗ್ಗೆ ಆರಕ್ಕೆ ಧಾರವಾಡದ ಇಬ್ಬರು ಗೇಟಿನ ಹತ್ತಿರ ನಿಂತು "ಬರ್ರೀ ಅಕ್ಕಾರ" ಅಂತ ಕೂಗುತ್ತಾರೆ. ಅಷ್ಟರಲ್ಲಿ ಅತ್ತೆ ಶೂ ಕಟ್ಟಿ ಆಗಿರುತ್ತದೆ.