ಮುಂಗಡ ಕಟ್ಟಿ ಬಂದ ಅಪ್ಪ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ ದಂಪತಿ ಮಗನನ್ನು ಕರೆದುಕೊಂಡು ದಾವಣಗೆರೆಗೆ, ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಹುಡುಗನಿಗೆ 16 ವರ್ಷ, ಪಿಯುಸಿ ಓದುತ್ತಿದ್ದ. ಇನ್ನೊಬ್ಬ ಹುಡುಗನಿಗೆ ಅವನು ಬರೆದಿದ್ದ ಪ್ರೀತಿಯ ಮೆಸೇಜು ಅಪ್ಪನ ಕಣ್ಣಿಗೆ ಬಿದ್ದಿತ್ತು. ತಾಯಿತ, ಹರಕೆ ಎಲ್ಲಾ ಆಗಿತ್ತು. ಈಗ ಬೇರೆ ಊರಿನಲ್ಲಿ ಯಾರೋ ಹಿಪ್ನಾಟಿಸಂ ಮಾಡಿ ಸರಿ ಮಾಡ್ತಾರಂತೆ.

"ಮುಂಗಡ ಕಟ್ಟಿ ಬಂದಿದೀನಿ ಮೇಡಂ. ಇವ್ನು ಬರಲ್ಲ ಅಂತಾನೆ. ನೀವೊಂದು ಮಾತು ಹೇಳಿ" ಎಂದರು ತಂದೆ.

ಹುಡುಗನನ್ನು ಬೇರೆ ಕೂರಿಸಿ ಮಾತಾಡಿದೆ. ಅವನ ಮೊದಲ ಪ್ರಶ್ನೆ: "ಶಾಕ್ ಕೊಡ್ತಾರಾ?" ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. "ಅನ್ನಿಸಿದೆ" ಅಂದ. ಇದನ್ನು ಮಾತ್ರ ಅಪ್ಪ ಅಮ್ಮನಿಗೆ ಹೇಳಲೇಬೇಕು, ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ ಅಂದೆ. ತಲೆಯಾಡಿಸಿದ. ಶಾಕ್ ಬಗ್ಗೆಯೂ ಹೇಳಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, 18 ತುಂಬದವರಿಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಮೊದಲೇ ಪಡೆಯದೆ ಶಾಕ್ ಕೊಡುವಂತಿಲ್ಲ. ನಿನಗಂತೂ ಅದು ಬೇಕಾಗುವ ಕಾಯಿಲೆಯೇ ಇಲ್ಲ.

ತಂದೆ ತಾಯಿಗೆ ಮೊದಲು ಹೇಳಿದ್ದು ಮನೆಯ ಮಾತು. ತೋಟಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಕೀ ನಿಮ್ಮ ಹತ್ತಿರವೇ ಇರಲಿ. ರಾತ್ರಿ ಅವನೊಬ್ಬನನ್ನೇ ಬಿಡಬೇಡಿ. ನೆಂಟರಿಗೆ ಹೇಳಬೇಡಿ, ಕಾಲೇಜು ಬಿಡಿಸಬೇಡಿ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೀ ನನ್ನ ಹತ್ತಿರ ಇರುತ್ತೆ ಅಂದರು.

ತಂದೆ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವರ ತಪ್ಪೂ ಅಲ್ಲ, ಮಗನ ಮದುವೆ ಏನಾಗುತ್ತೋ, ಜನ ಏನಂತಾರೋ ಅನ್ನುವ ಭಯ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ ಅಂದೆ. ಬದಲಾಯಿಸುವ ಚಿಕಿತ್ಸೆ ಕೂಡದು ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅದನ್ನು ಮಾಡುವ ವೈದ್ಯರದ್ದು ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ತಿಳಿಸಿತು.

"ಮತ್ತೆ ಅವ್ರು ಹೆಂಗೆ ಮಾಡ್ತಾರೆ?"

"ಅವರು ಡಾಕ್ಟರಾ?"

ಅಲ್ಲವಂತೆ. ತೊಂದರೆ ಇರುವುದೇ ಇಲ್ಲಿ. ಆಯೋಗದ ಮಾತು ಡಾಕ್ಟರಿಗೆ ಮಾತ್ರ. ಹಿಪ್ನಾಟಿಸಂನವರು, ಮಂತ್ರ ಹಾಕುವವರು ಅದರ ಕೈಗೆ ಸಿಗುವುದಿಲ್ಲ. ಜರ್ಮನಿ 2020ರಲ್ಲಿ, 18 ತುಂಬದವರಿಗೆ ಇದನ್ನು ಡಾಕ್ಟರಲ್ಲದವರು ಮಾಡಿದರೂ ಅಪರಾಧ ಅಂತ ಕಾನೂನು ತಂದಿತು. ನಮ್ಮ ಸಂಸತ್ತು ಅಂಥ ಪ್ರತ್ಯೇಕ ಕಾಯ್ದೆ ಮಾಡಿಲ್ಲ. ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಮಗು ಬೇಡ ಅಂದರೂ ಅಪ್ಪನ ಸಹಿ ಸಾಕು ಅನ್ನುವಂತಾದರೆ ಹೇಗೆ, ಅಲ್ವಾ?

ನಿದ್ದೆ, ಭಯಕ್ಕೆ ಮನೋವೈದ್ಯರ ಬಳಿ ಕಳಿಸಿದೆ. ಅವನನ್ನು ಬದಲಾಯಿಸಿ ಅಂತ ಚೀಟಿ ಬರೆಯಲ್ಲ ಅಂತಲೂ ಹೇಳಿದೆ. ಮುಂದಿನ ಸಲ ತಂದೆಯೂ ಬಂದರು. ಮಗ ಪರವಾಗಿಲ್ಲ, ಊಟ ಮಾಡ್ತಿದಾನೆ ಅಂದರು. ಆ ವಿಷಯ ಮಾತ್ರ ಎತ್ತಲಿಲ್ಲ. ಮುಂಗಡ ವಾಪಸ್ ಬಂತಾ ಅಂತ ಕೇಳಿದೆ.

"ಎಲ್ಲಿ ಬರುತ್ತೆ ಮೇಡಂ, ರಸೀದಿನೇ ಕೊಟ್ಟಿಲ್ಲ."