ಬೈಬಲ್ ಸ್ಟಡಿಗೆ ಒಂದ್ಸಲ ಬಂದೋರು ಮತ್ತೆ ಯಾಕೆ ಬರಲ್ಲ?

ಪ್ರಶ್ನೆ: ಅಯ್ಯನವರೇ ವಂದನೆ. ನಮ್ಮ ಸಭೆಯ ಆರೇಳು ಮನೆಯವರು ಸೇರಿ ಶುಕ್ರವಾರ ಸಾಯಂಕಾಲ ಬೈಬಲ್ ಸ್ಟಡಿ ಶುರು ಮಾಡಿದ್ವಿ. ಮೊದಲ್ನೇ ವಾರ ಹದಿನಾಲ್ಕು ಜನ, ನಾಲ್ಕನೇ ವಾರ ನಾನು, ನಮ್ಮೆಜಮಾನ್ರು, ಇನ್ನೊಬ್ಬ ಅಂಕಲ್, ಅಷ್ಟೇ. ಆದಿಕಾಂಡದಿಂದ ಶುರು ಮಾಡಿದ್ವಿ, ಅಂಕಲ್ ತುಂಬಾ ಚೆನ್ನಾಗಿ ವಿವರಿಸ್ತಾರೆ. ಎಲ್ಲಿ ತಪ್ತು?
– ಒಬ್ಬ ಸಹೋದರಿ, ಮೈಸೂರು

ಉತ್ತರ: ನೋಡಮ್ಮ, ಅಂಕಲ್ ಚೆನ್ನಾಗಿ ವಿವರಿಸ್ತಾರೆ ಅಂದ್ರಲ್ಲ, ತಪ್ಪಿದ್ದು ಅಲ್ಲೇ. ಭಾನುವಾರ ಒಂದು ಪ್ರಸಂಗ ಕೇಳಿದೋರು ಶುಕ್ರವಾರ ಡ್ಯೂಟಿ ಮುಗಿಸಿ ಸುಸ್ತಾಗಿ ಬಂದು ಚಾಪೆ ಮೇಲೆ ಕೂತು ಇನ್ನೊಂದು ಪ್ರಸಂಗ ಯಾಕೆ ಕೇಳ್ತಾರೆ ಹೇಳಿ. ಹಾಗಂತ ಅವರನ್ನ ಎಲ್ಲರ ಮುಂದೆ ತಡೀಬೇಡಿ, ಮೊದಲೇ ಫೋನ್ ಮಾಡಿ "ಅಂಕಲ್, ಹಿನ್ನೆಲೆ ಐದು ನಿಮಿಷ ನೀವು ಹೇಳ್ಬಿಡಿ, ಆಮೇಲೆ ಮಿಕ್ಕೋರು ಮಾತಾಡ್ಲಿ" ಅನ್ನಿ, ಒಪ್ಕೋತಾರೆ.

ಆದಿಕಾಂಡ ಐವತ್ತು ಅಧ್ಯಾಯ ಇದೆಯಮ್ಮ, ಮುಗಿಯೋ ಹೊತ್ತಿಗೆ ಮಕ್ಕಳ ಮದುವೆ ಆಗಿರತ್ತೆ! ಮಾರ್ಕನ ಸುವಾರ್ತೆ ತಗೊಳ್ಳಿ, ಹದಿನಾರೇ ಅಧ್ಯಾಯ, ಕಥೆ ಓಡ್ತಾ ಇರತ್ತೆ. ಅದೂ ಬೇಡ ಅಂದ್ರೆ ರೂತಳು, ನಾಲ್ಕೇ ಅಧ್ಯಾಯ. ಆದ್ರೆ ವಾರಕ್ಕೊಂದು ಅಧ್ಯಾಯ ಅಂತ ಲೆಕ್ಕ ಹಾಕ್ಬೇಡಿ, ಬರೆದೋರು ಅಧ್ಯಾಯ ಮಾಡಿ ಬರೆದಿಲ್ಲ, ಆ ನಂಬರೆಲ್ಲ ಎಷ್ಟೋ ಶತಮಾನ ಆದ್ಮೇಲೆ ಹಾಕಿದ್ದು. ಒಂದು ವಾರಕ್ಕೆ ಒಂದು ಘಟನೆ ಸಾಕು.

ನಮ್ಮಲ್ಲಿ ಒಂದ್ಸಲ ಮಾರ್ಕ 4ರಲ್ಲಿ ಯೇಸು ದೋಣಿಯಲ್ಲಿ ಹೋಗ್ತಾ ಬಿರುಗಾಳಿ ನಿಲ್ಲಿಸೋ ಭಾಗ ಓದಿದ್ವಿ, ಹೈಸ್ಕೂಲ್ ಓದೋ ಹುಡುಗ ಒಬ್ಬ "ಅಯ್ಯನವರೇ, ಜೊತೇಲಿ ಬೇರೆ ದೋಣಿಗಳೂ ಇದ್ವಲ್ಲ, ಅವು ಏನಾದ್ವು?" ಅಂದ. ಆ ಭಾಗದ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದೀನೋ, 36ನೇ ವಚನದಲ್ಲಿರೋ ಆ ದೋಣಿಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇದೇ ಘಟನೆ ಬರೆದಿರೋ ಮತ್ತಾಯ, ಲೂಕರ ಸುವಾರ್ತೆ ತೆಗೆದು ನೋಡಿದ್ರೆ ಅವರು ಅದನ್ನ ಹೇಳೇ ಇಲ್ಲ, ಯೇಸು ತಲೆದಿಂಬಿನ ಮೇಲೆ ಮಲಗಿದ್ದ ಅನ್ನೋದೂ ಮಾರ್ಕನಲ್ಲಿ ಮಾತ್ರ. ಅರ್ಧ ಗಂಟೆ ಅದೇ ಮಾತು, ಯಾವತ್ತೂ ಬಾಯಿ ಬಿಡದ ಒಬ್ಬ ತಾಯಿ "ಗಾಳಿ ನಿಂತ್ಮೇಲೆ ಅವರಿಗೂ ನಿಲ್ತು ತಾನೇ, ಯಾರಿಂದ ನಿಲ್ತು ಅಂತ ಅವರಿಗೆ ಗೊತ್ತಾಗ್ಲಿಲ್ಲ, ಅಷ್ಟೇ" ಅಂದ್ಬಿಟ್ರು. ನನ್ನ ಪ್ರಸಂಗದಲ್ಲಿ ಇಂಥ ಒಂದು ಮಾತು ಬಂದಿದ್ದಿಲ್ಲ. ಹಾಗಾಗಿ ನೀವು ಪ್ರಶ್ನೆ ಕೇಳಿದ್ಮೇಲೆ ಯಾರೂ ಮಾತಾಡಲಿಲ್ಲ ಅಂತ ನೀವೇ ಉತ್ತರ ಹೇಳೋಕೆ ಹೋಗ್ಬೇಡಿ, ಸ್ವಲ್ಪ ಸುಮ್ನೆ ಕೂತಿರಿ, ಕಷ್ಟ ಆಗತ್ತೆ, ಆದ್ರೂ ಕೂತಿರಿ.

ಒಬ್ಬರ ಹತ್ರ ಹಳೇ ಸತ್ಯವೇದ, ಇನ್ನೊಬ್ಬರ ಫೋನಲ್ಲಿ ಸುಲಭ ಕನ್ನಡದ ಅನುವಾದ ಇರತ್ತೆ, ಯಾವುದು ಸರಿ ಅಂತ ಜಗಳ ಬೇಡ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತೆ ಜೊತೆಯವರು ಕೆಲಸ ಮಾಡಿ 1831ರಲ್ಲಿ ಪೂರ್ತಿ ಕನ್ನಡ ಬೈಬಲ್ ತಂದ್ಮೇಲೆ ಅದನ್ನ ತಿದ್ದುತ್ತಾನೇ ಬಂದಿದ್ದಾರೆ. ಎರಡನ್ನೂ ಓದಿ, ಬೇರೆ ಬೇರೆ ಪದ ಇರೋ ಕಡೆ ನಿಂತು ಮಾತಾಡಿ.

ತಿಂಡಿ ವಿಷಯ ನೀವು ಬರೆದಿಲ್ಲ, ಆದ್ರೂ ಹೇಳ್ತೀನಿ. ಮೊದಲ್ನೇ ಮನೇಲಿ ಉಪ್ಪಿಟ್ಟು, ಎರಡನೇ ಮನೇಲಿ ಕೇಕು, ಮೂರನೇ ಮನೇಲಿ ಚಿಕನ್ ಬಿರಿಯಾನಿ, ನಾಲ್ಕನೇ ಮನೆಯವರಿಗೆ ಆ ವಾರ ಏನೋ ಅರ್ಜೆಂಟ್ ಕೆಲಸ ಬಂದಿರತ್ತೆ. ಟೀ ಬಿಸ್ಕತ್ತು, ಅದಕ್ಕಿಂತ ಜಾಸ್ತಿ ಯಾರೂ ಮಾಡೋ ಹಾಗಿಲ್ಲ ಅಂತ ಮೊದಲೇ ಹೇಳ್ಬಿಡಿ. ಏಳಕ್ಕೆ ಶುರು ಆದ್ರೆ ಎಂಟೂಕಾಲಿಗೆ ಪ್ರಾರ್ಥನೆ ಮುಗಿದಿರಬೇಕು. ಪ್ರಾರ್ಥನೆಗೆ ಅಂತ ಒಬ್ಬರು ಹೇಳ್ಕೊಂಡ ಮನೆ ಕಷ್ಟ ಅವರನ್ನ ಕೇಳದೆ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಹಾಕಿದ್ರೆ ಇನ್ಮೇಲೆ ಎಲ್ಲರೂ "ಆರೋಗ್ಯಕ್ಕೆ ಪ್ರಾರ್ಥಿಸಿ" ಅಷ್ಟೇ ಹೇಳ್ತಾರೆ.

ಮತ್ತೆ ಕರೆಯೋವಾಗ ಆ ಹನ್ನೊಂದು ಜನರ ಮನೆಗೆ ಹೋಗಿ ಕರೀರಿ, ಎಂಟು ವಾರ ಮಾತ್ರ ಅಂತ ಹೇಳಿ. ಇನ್ನೊಂದು, ಸರದಿ ಪ್ರಕಾರ ಓದಿಸ್ಬೇಡಿ. ನಾನು ಓದಿಸ್ತಿದ್ದೆ, ಒಬ್ರು ಅಜ್ಜಿ ತಮ್ಮ ಸರದಿ ಬಂದಾಗೆಲ್ಲ "ಕನ್ನಡಕ ಮರೆತು ಬಂದೆ" ಅಂತಿದ್ರು, ಮೂರನೇ ಸಲ ನಾನು ನನ್ನ ಕನ್ನಡಕಾನೇ ತೆಗೆದು ಕೊಟ್ಟೆ. ಆಮೇಲೆ ಅವರು ಬರಲೇ ಇಲ್ಲ. ಅವರಿಗೆ ಓದೋಕೆ ಬರ್ತಿರಲಿಲ್ಲ ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯ್ತು.